ವಿಜ್ಞಾನಿಗಳೇ ಒಪ್ಪದ ಸ್ಟೌಡಿಂಗರ್‌ಗೆ ನೊಬೆಲ್ ಬಂದದ್ದು ಹೇಗೆ?

"ದೊಡ್ಡ ವಿಜ್ಞಾನಿಗಳನ್ನೂ ಮೊದಲು ಯಾರೂ ನಂಬಲಿಲ್ಲ. ಹಾಗಾಗಿ ಡಾಕ್ಟರ್‌ಗಳು ಒಪ್ಪದಿದ್ದರೂ ಈ ಮನೆಮದ್ದು ನಿಜ." ಈ ಧಾಟಿಯ ವಾಟ್ಸಾಪ್ ಮೆಸೇಜ್‌ಗಳನ್ನು ನೀವೂ ನೋಡಿರಬಹುದು. ಮೊದಲ ಮಾತಿಗೆ ನಿಜವಾದ ಉದಾಹರಣೆಗಳಿವೆ. ಪಾಲಿಮರ್ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಅಂಥವರಲ್ಲೊಬ್ಬರು. ಆದರೆ ಅವರ ಬದುಕು ಎರಡನೇ ಮಾತನ್ನು ಸಮರ್ಥಿಸುವುದಿಲ್ಲ.

ಯಾರು ಈ ಸ್ಟೌಡಿಂಗರ್?

ಹುಟ್ಟಿದ್ದು 1881ರಲ್ಲಿ. 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾಗಿ, 1912ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ಗೆ, 1926ರಲ್ಲಿ ಜರ್ಮನಿಯ ಫ್ರೈಬರ್ಗ್‌ಗೆ ಹೋದರು. ಆ ಹೊತ್ತಿಗಾಗಲೇ ಹೆಸರು ಮಾಡಿದ್ದ ರಸಾಯನಶಾಸ್ತ್ರಜ್ಞ.

ವಿವಾದ ಏನಾಗಿತ್ತು?

ರಬ್ಬರ್, ಹತ್ತಿಯ ಸೆಲ್ಯುಲೋಸ್, ಅಕ್ಕಿಯಲ್ಲಿರುವ ಪಿಷ್ಟ ಇವೆಲ್ಲ ಚಿಕ್ಕ ಅಣುಗಳು ಗುಂಪುಗೂಡಿ ಆದವು ಎಂದು ಆಗಿನ ಹೆಚ್ಚಿನ ತಜ್ಞರು ನಂಬಿದ್ದರು. ಬುಟ್ಟಿಯಲ್ಲಿ ರಾಶಿ ಹಾಕಿದ ಬಿಡಿ ಹೂಗಳ ಹಾಗೆ. ಅದು ರಾಶಿಯಲ್ಲ, ಕಟ್ಟಿದ ಮಾಲೆ ಎಂದು ಸ್ಟೌಡಿಂಗರ್ 1920ರ ಪ್ರಬಂಧದಲ್ಲಿ ವಾದಿಸಿದರು. ಅಂದರೆ, ಚಿಕ್ಕ ಘಟಕಗಳು ಗಟ್ಟಿಯಾದ ರಾಸಾಯನಿಕ ಬಂಧಗಳಿಂದ ಬೆಸೆದುಕೊಂಡು ಉದ್ದನೆಯ ಸರಪಳಿಯಾಗುತ್ತವೆ. ಅಷ್ಟು ದೊಡ್ಡ ಅಣು ಇರಲು ಸಾಧ್ಯವಿಲ್ಲ ಎಂದು ಹಿರಿಯ ವಿಜ್ಞಾನಿಗಳೇ ತಳ್ಳಿಹಾಕಿದರು.

ಅವರು ಮಾಡಿದ್ದೇನು?

ಎದುರಾಳಿಗಳ ವಾದವನ್ನೇ ಪರೀಕ್ಷೆಗೆ ಒಡ್ಡಿದರು. ರಬ್ಬರ್‌ನ ಚಿಕ್ಕ ಅಣುಗಳನ್ನು ಅವುಗಳ ದ್ವಿಬಂಧಗಳ ಸೆಳೆತವೇ ಒಟ್ಟಿಗೆ ಹಿಡಿದಿದೆ ಎಂಬುದು ಆ ವಾದ. ಅದು ನಿಜವಾದರೆ, ಹೈಡ್ರೋಜನ್ ಸೇರಿಸಿ ದ್ವಿಬಂಧಗಳನ್ನು ಇಲ್ಲವಾಗಿಸಿದಾಗ ಗುಂಪು ಚದುರಿ, ಸುಲಭವಾಗಿ ಆವಿಯಾಗುವ ವಸ್ತು ಸಿಗಬೇಕು. 1922ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾಗಾಗಲಿಲ್ಲ. ಹೈಡ್ರೋಜನ್ ಸೇರಿದ ಮೇಲೂ ವಸ್ತು ಬಹುಮಟ್ಟಿಗೆ ರಬ್ಬರ್‌ನಂತೆಯೇ ಉಳಿಯಿತು.

ಒಂದೇ ಪ್ರಯೋಗದಿಂದ ಎಲ್ಲರೂ ಒಪ್ಪಲಿಲ್ಲ. ಸ್ವೀಡನ್‌ನಲ್ಲಿ ಥಿಯೊಡೊರ್ ಸ್ವೆಡ್‌ಬರ್ಗ್ ಅತಿವೇಗದ ಸೆಂಟ್ರಿಫ್ಯೂಜ್ ಬಳಸಿ ಪ್ರೋಟೀನ್‌ಗಳ ದೊಡ್ಡ ಅಣುಗಳನ್ನು ಅಳೆದರು. ಅಮೆರಿಕದಲ್ಲಿ ವಾಲೇಸ್ ಕ್ಯಾರೊಥರ್ಸ್ ಚಿಕ್ಕ ಅಣುಗಳನ್ನು ಜೋಡಿಸಿ ಉದ್ದ ಸರಪಳಿಗಳನ್ನೇ ತಯಾರಿಸಿದರು. ನೈಲಾನ್ ಬಂದದ್ದು ಅದೇ ಕೆಲಸದಿಂದ. ಸ್ಟೌಡಿಂಗರ್‌ಗೆ ನೊಬೆಲ್ ಬಂದದ್ದು 1953ರಲ್ಲಿ, 72ನೇ ವಯಸ್ಸಿಗೆ.

ಅವರು ಹೇಳಿದ್ದೆಲ್ಲ ಸರಿಯಾಗಿತ್ತೇ?

ಇಲ್ಲ. ಈ ಸರಪಳಿಗಳು ಕಡ್ಡಿಯಂತೆ ಸೆಟೆದಿರುತ್ತವೆ ಎಂದು ಅವರು ಭಾವಿಸಿದ್ದರು. ಅವು ಬಳುಕುತ್ತವೆ, ಸುರುಳಿಯಾಗುತ್ತವೆ ಎಂಬುದನ್ನು ಇತರರು ತೋರಿಸಿದರು. ವಿಜ್ಞಾನ ಅದನ್ನೂ ತಿದ್ದಿಕೊಂಡಿತು.

ಫಾರ್ವರ್ಡ್ ಮಾಡುವ ಮುನ್ನ

ವಿರೋಧ ಬಂತೆಂಬ ಕಾರಣಕ್ಕೆ ಯಾವ ಮಾತೂ ನಿಜವಾಗುವುದಿಲ್ಲ. ವಿರೋಧ ಎದುರಿಸಿದವರಲ್ಲಿ ನಿಜಕ್ಕೂ ತಪ್ಪು ಹೇಳಿದವರೂ ಇದ್ದಾರೆ, ಅವರ ಕಥೆ ಫಾರ್ವರ್ಡ್ ಆಗುವುದಿಲ್ಲ, ಅಷ್ಟೆ. ಆದ್ದರಿಂದ ಎರಡು ಪ್ರಶ್ನೆ ಕೇಳಿ: ಇದನ್ನು ಸುಳ್ಳೆಂದು ತೋರಿಸಬಲ್ಲ ಪರೀಕ್ಷೆ ನಡೆದಿದೆಯೇ? ಬೇರೆಯವರು ಮಾಡಿದಾಗಲೂ ಅದೇ ಫಲಿತಾಂಶ ಬಂದಿದೆಯೇ? ಉತ್ತರವಿಲ್ಲದ ಮದ್ದನ್ನು ನಂಬಿ ಮನೆಯವರು ಮಾತ್ರೆ ನಿಲ್ಲಿಸಿದರೆ, ಅಪಾಯ ಅವರಿಗೇ.