ಸಾಂಟಿಯಾಗೊದಲ್ಲಿ ಯೋಜನೆಯ ಪಾಠ

ಲ್ಯಾಟಿನ್ ಅಮೆರಿಕದ ಸರ್ಕಾರಿ ಅಧಿಕಾರಿಗಳಿಗೆ ಅಭಿವೃದ್ಧಿ ಅರ್ಥಶಾಸ್ತ್ರವನ್ನು ಕ್ರಮವಾಗಿ ಕಲಿಸುವ ತರಬೇತಿ 1952ರಲ್ಲಿ ಚಿಲಿಯ ರಾಜಧಾನಿ ಸಾಂಟಿಯಾಗೊದಲ್ಲಿ ಆರಂಭವಾಯಿತು. ಅದನ್ನು ನಡೆಸಿದ್ದು ವಿಶ್ವಸಂಸ್ಥೆ 1948ರಲ್ಲಿ ಸ್ಥಾಪಿಸಿದ ಲ್ಯಾಟಿನ್ ಅಮೆರಿಕ ಆರ್ಥಿಕ ಆಯೋಗ. ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಸೆಪಾಲ್ ಎಂದೇ ಕರೆಯುತ್ತಾರೆ. ಆ ಕಾಲದ ಸಚಿವಾಲಯಗಳಲ್ಲಿ ವಕೀಲರಿಗೂ ಎಂಜಿನಿಯರುಗಳಿಗೂ ಕೊರತೆಯಿರಲಿಲ್ಲ. ದೇಶದ ಒಟ್ಟು ಆರ್ಥಿಕತೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಬಲ್ಲವರು ಮಾತ್ರ ವಿರಳ.

ಪಾಠದ ತಿರುಳನ್ನು ಒದಗಿಸಿದವರು ಅರ್ಜೆಂಟೀನಾದ ರೌಲ್ ಪ್ರೆಬಿಷ್. 1935ರಿಂದ 1943ರವರೆಗೆ ತಮ್ಮ ದೇಶದ ಕೇಂದ್ರ ಬ್ಯಾಂಕನ್ನು ನಡೆಸಿದ್ದ ಅವರು, ಗೋಧಿ ಮತ್ತು ಮಾಂಸ ಮಾರಿ ಬದುಕುವ ನಾಡು ಮಹಾ ಆರ್ಥಿಕ ಕುಸಿತದಲ್ಲಿ ಹೇಗೆ ನಲುಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದರು. 1949ರಲ್ಲಿ ಹವಾನಾ ಸಮ್ಮೇಳನಕ್ಕೆ ಅವರು ಸಿದ್ಧಪಡಿಸಿದ ವರದಿಯಲ್ಲಿ ಒಂದು ಕೋಷ್ಟಕವಿತ್ತು. ನಿರ್ದಿಷ್ಟ ಪ್ರಮಾಣದ ಕಚ್ಚಾ ಸರಕಿಗೆ 1876–80ರಲ್ಲಿ 100 ಪಾಲು ಕೈಗಾರಿಕಾ ಸರಕು ಸಿಗುತ್ತಿತ್ತು ಎಂದಿಟ್ಟುಕೊಂಡರೆ, 1936–38ರ ಹೊತ್ತಿಗೆ ಸಿಗುತ್ತಿದ್ದುದು 64.1 ಮಾತ್ರ. ಕಾಫಿ, ತಾಮ್ರ, ಸಕ್ಕರೆ ಮಾರುವವರು ವರ್ಷದಿಂದ ವರ್ಷಕ್ಕೆ ಹೆಚ್ಚು ದುಡಿದು ಕಡಿಮೆ ಕೊಳ್ಳುತ್ತಿದ್ದಾರೆ, ಈ ಸುಳಿಯಿಂದ ಪಾರಾಗಲು ಕೈಗಾರಿಕೀಕರಣವೇ ದಾರಿ ಎಂಬುದು ಪ್ರೆಬಿಷ್ ವಾದ. ಅಂಕಿಗಳ ಬಗ್ಗೆ ಅಂದಿನಿಂದಲೂ ತಕರಾರುಗಳಿವೆ. ಆದರೂ ಒಂದಿಡೀ ಪೀಳಿಗೆಯ ಅಧಿಕಾರಿಗಳಿಗೆ ತಮ್ಮ ದೇಶಗಳ ಬಡತನವನ್ನು ವಿವರಿಸಿಕೊಳ್ಳಲು ಅದರಷ್ಟು ನೆರವಾದ ಕೋಷ್ಟಕ ಇನ್ನೊಂದಿರಲಿಕ್ಕಿಲ್ಲ.

ವಾದವನ್ನು ಪಾಠವಾಗಿಸಿದವರು ಬೇರೆ. ತರಬೇತಿಯ ನೇತೃತ್ವ ಚಿಲಿಯ ಹೋರ್ಹೆ ಅಹುಮಾದಾ ಅವರದು. ಬ್ರೆಜಿಲ್‌ನ ಸೆಲ್ಸೊ ಫುರ್ಟಾಡೊ ಮತ್ತು ಸಂಗಡಿಗರು ಯೋಜನಾ ವಿಧಾನವನ್ನು ರೂಪಿಸಿದರು. 1955ರಲ್ಲಿ ಪ್ರಕಟವಾದ ಆ ವಿಧಾನ ಒಂದು ಗುರಿಯಿಂದ ಹೊರಡುತ್ತದೆ. ರಾಷ್ಟ್ರೀಯ ಆದಾಯ ವರ್ಷಕ್ಕೆ ಶೇ 5ರಷ್ಟು ಬೆಳೆಯಬೇಕು, ಒಂದು ಪೆಸೊ ಹೆಚ್ಚುವರಿ ಆದಾಯಕ್ಕೆ ಎರಡೂವರೆ ಪೆಸೊ ಬಂಡವಾಳ ಬೇಕು ಎಂದಾದರೆ, ಆದಾಯದ ಶೇ 12.5 ಭಾಗ ಹೂಡಿಕೆಗೆ ಹೋಗಬೇಕು. ದೇಶ ಶೇ 9 ಮಾತ್ರ ಉಳಿಸುತ್ತಿದ್ದರೆ ಉಳಿದ ಮೂರೂವರೆ ಎಲ್ಲಿಂದ ಬರಬೇಕು? ಆದಾಯ ಏರಿದಂತೆ ಉಕ್ಕು, ಸಿಮೆಂಟು, ಕಾಗದದ ಬೇಡಿಕೆ ಎಷ್ಟೆಷ್ಟು ಏರುತ್ತದೆ? ಅಷ್ಟನ್ನೂ ಆಮದು ಮಾಡಿಕೊಳ್ಳುವಷ್ಟು ವಿದೇಶಿ ವಿನಿಮಯ ಇಲ್ಲದಿದ್ದರೆ ಯಾವುದನ್ನು ಇಲ್ಲೇ ತಯಾರಿಸುವುದು ಲೇಸು? ಆಮದಿಗೆ ಬದಲಾಗಿ ಸ್ವದೇಶಿ ಉತ್ಪಾದನೆ ಎಂಬ ನೀತಿ ಘೋಷಣೆಯಾಗಿ ಉಳಿಯದೆ ಲೆಕ್ಕದ ಪುಸ್ತಕಕ್ಕೆ ಇಳಿದದ್ದು ಹೀಗೆ. ಕಾರ್ಖಾನೆಯೊಂದರ ಮಾರುಕಟ್ಟೆ, ಗಾತ್ರ, ನೆಲೆ, ತಂತ್ರ, ಖರ್ಚುಗಳನ್ನು ಒರೆಗೆ ಹಚ್ಚುವ ಕ್ರಮವನ್ನು 1958ರ ಕೈಪಿಡಿ ವಿವರಿಸಿತು. ಅದನ್ನು ಬರೆದವರು ಹುಲಿಯೊ ಮೆಲ್ನಿಕ್.

ಈ ಪಾಠ ಬೇಗನೆ ಕಚೇರಿಗಳನ್ನು ತಲುಪಿತು. ರಿಯೊ ಡಿ ಜನೈರೊದಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ಬ್ರೆಜಿಲ್‌ನ ಅಭಿವೃದ್ಧಿ ಬ್ಯಾಂಕು ಮತ್ತು ಸೆಪಾಲ್ ಜಂಟಿಯಾಗಿ ನಡೆಸಿದ ಅಧ್ಯಯನ, 1956ರಲ್ಲಿ ಅಧ್ಯಕ್ಷ ಕುಬಿಚೆಕ್ ಕೈಗೊಂಡ ಗುರಿಗಳ ಯೋಜನೆಗೆ ಆಧಾರಗಳಲ್ಲೊಂದಾಯಿತು. ವಿದ್ಯುತ್, ರಸ್ತೆ, ಉಕ್ಕು, ಮೋಟಾರು ವಾಹನ ಹೀಗೆ 30 ಗುರಿಗಳು. ಅವುಗಳ ಮೇಲೆ ಹೊಸ ರಾಜಧಾನಿ ಬ್ರೆಸಿಲಿಯಾ. 1961ರ ಆಗಸ್ಟ್‌ನಲ್ಲಿ ಉರುಗ್ವೆಯ ಪುಂಟಾ ಡೆಲ್ ಎಸ್ಟೆಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ನೆರವಿನ ಒಪ್ಪಂದವಾದಾಗ, ನೆರವು ಬಯಸುವ ದೇಶಗಳು ರಾಷ್ಟ್ರೀಯ ಯೋಜನೆಗಳನ್ನು ರೂಪಿಸಬೇಕೆಂಬ ಮಾತು ಬಂತು. ಯೋಜನೆ ಬರೆಯಬಲ್ಲವರಿಗೆ ಎಲ್ಲ ರಾಜಧಾನಿಗಳಿಂದಲೂ ಕರೆ ಬಂತು. ಮರುವರ್ಷ, 1962ರಲ್ಲಿ, ತರಬೇತಿಗೆಂದೇ ಇಲ್ಪೆಸ್ ಎಂಬ ಸಂಸ್ಥೆ ಸಾಂಟಿಯಾಗೊದಲ್ಲಿ ತೆರೆಯಿತು; ಪ್ರೆಬಿಷ್ ಅವರೇ ಅದರ ಮೊದಲ ಮಹಾನಿರ್ದೇಶಕರಾದರು. ಮುಂದೆ ಬ್ರೆಜಿಲ್‌ನ ಅಧ್ಯಕ್ಷರಾದ ಫರ್ನಾಂಡೊ ಹೆನ್ರಿಕ್ ಕಾರ್ಡೊಸೊ ದೇಶಭ್ರಷ್ಟರಾಗಿ ಬಂದು ಅಲ್ಲಿ ಕೆಲಸ ಮಾಡಿದರು.

ಅದೇ ನಗರದಲ್ಲಿ ಇನ್ನೊಂದು ಪಾಠಶಾಲೆಯೂ ಬೆಳೆಯುತ್ತಿತ್ತು. ಚಿಲಿಯ ಕ್ಯಾಥೊಲಿಕ್ ವಿಶ್ವವಿದ್ಯಾಲಯ 1956ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡು ತನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳುಹಿಸತೊಡಗಿತು. ಬೆಲೆಯನ್ನು ಮಾರುಕಟ್ಟೆಯೇ ನಿರ್ಧರಿಸಲಿ, ಸುಂಕದ ಗೋಡೆ ಉರುಳಲಿ ಎಂಬ ಪಾಠ ಕಲಿತು ಅವರು ಮರಳಿದರು. ಸೆಪಾಲ್ ಬಳಗದ ಪೆದ್ರೊ ವುಸ್ಕೊವಿಕ್ 1970ರಲ್ಲಿ ಚಿಲಿಯ ಅಧ್ಯಕ್ಷ ಅಯೆಂದೆ ಅವರ ಸರ್ಕಾರದ ಆರ್ಥಿಕ ಸಚಿವರಾದರೆ, 1973ರ ಸೇನಾ ದಂಗೆಯ ನಂತರ ಶಿಕಾಗೊದಲ್ಲಿ ಓದಿದವರು ಆ ಕುರ್ಚಿಗಳಿಗೆ ಬಂದರು. 1979ರ ಹೊತ್ತಿಗೆ ಚಿಲಿಯ ಆಮದು ಸುಂಕ ಬಹುಮಟ್ಟಿಗೆ ಶೇ 10ರ ಒಂದೇ ದರಕ್ಕೆ ಇಳಿದಿತ್ತು. ಒಂದು ದೇಶದ ನೀತಿ ಇಷ್ಟು ಬೇಗ ತಿರುವುಮುರುವಾಗಲು ಬಂದೂಕಿನ ಬಲವೊಂದೇ ಸಾಲದು. ಕಲಿತು ಸಿದ್ಧರಾಗಿ ಕಾದಿದ್ದವರೂ ಬೇಕಿತ್ತು.

ಸೆಪಾಲ್ ಪಾಠದ ಕೊರತೆಯನ್ನು ಅದರ ಒಳಗಿನವರೇ ಎತ್ತಿ ತೋರಿಸಿದರು. ಅವರಲ್ಲಿ ಮುಖ್ಯರು ಕಾರ್ಲೋಸ್ ಮಾಟುಸ್. 1960ರ ದಶಕದಲ್ಲಿ ಇಲ್ಪೆಸ್‌ನಲ್ಲಿದ್ದ ಅವರು 1972ರಲ್ಲಿ ವುಸ್ಕೊವಿಕ್ ನಂತರ ಆರ್ಥಿಕ ಸಚಿವರಾದರು. ದಂಗೆಯ ಬಳಿಕ ದಕ್ಷಿಣದ ಕೊರೆಯುವ ಚಳಿಯ ಡಾಸನ್ ದ್ವೀಪದಲ್ಲಿ ಸೆರೆಯಲ್ಲಿದ್ದರು. ಹಳೆಯ ವಿಧಾನದಲ್ಲಿ ಯೋಜಿಸುವುದು ಸರ್ಕಾರ ಮಾತ್ರ. ಉಳಿದವರೆಲ್ಲ ಅಂಕಿಗಳಂತೆ ತೆಪ್ಪಗಿರುತ್ತಾರೆ ಎಂಬ ಊಹೆ ಅದರ ಹಿಂದಿತ್ತು. ಕೈಗಾರಿಕೋದ್ಯಮಿ, ಕಾರ್ಮಿಕ ಸಂಘ, ಸೇನೆ, ವಿರೋಧ ಪಕ್ಷ ಎಲ್ಲರಿಗೂ ತಮ್ಮ ತಮ್ಮ ಯೋಜನೆಗಳಿರುತ್ತವೆ ಎಂಬುದನ್ನು ಮಾಟುಸ್ ಅಧಿಕಾರದಲ್ಲಿದ್ದಾಗ ಕಂಡರು. ಅವರು ರೂಪಿಸಿದ ಹೊಸ ಪಾಠದಲ್ಲಿ ಮೂರು ಪ್ರಶ್ನೆಗಳಿದ್ದವು: ಸರ್ಕಾರ ಏನು ಮಾಡಬಯಸುತ್ತದೆ, ಪರಿಸ್ಥಿತಿ ಎಷ್ಟರ ಮಟ್ಟಿಗೆ ಅದರ ಹಿಡಿತದಲ್ಲಿದೆ, ಮಾಡಿ ಮುಗಿಸುವ ಸಾಮರ್ಥ್ಯ ಎಷ್ಟಿದೆ. 1998ರಲ್ಲಿ ತೀರಿಕೊಳ್ಳುವ ಮುನ್ನ ವೆನೆಜುವೆಲಾ, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಅಧಿಕಾರಿಗಳಿಗೆ ಅವರು ಇದನ್ನು ಕಲಿಸಿದರು. ಇಲ್ಪೆಸ್ ಸೆಪಾಲ್‌ನ ಅಂಗವಾಗಿ ಸಾಂಟಿಯಾಗೊದಲ್ಲಿ ಇಂದಿಗೂ ತರಬೇತಿ ನೀಡುತ್ತಿದೆ.