ವಾಡಿಯಲ್ಲಿ ಗಾಡಿ ಬದಲಿಸಿ ಜಿದ್ದಾಕ್ಕೆ

ಹೋದ ವಾರ ಸೇಡಂನ ಗೆಳೆಯನೊಬ್ಬ ಫೋನ್ ಮಾಡಿದ್ದ. ಅಬ್ಬಾ-ಅಮ್ಮಿಯನ್ನ ಹಜ್‌ಗೆ ಕಳಿಸೋ ಲೆಕ್ಕ ಹಾಕ್ತಾ ಕೂತಿದ್ದ. ವಿಮಾನಕ್ಕೆ ಎಷ್ಟು, ಉಳಿಯೋಕೆ ಎಷ್ಟು ಅಂತ ಕೂಡಿಸಿ ಕೂಡಿಸಿ ತಲೆ ಕೆಟ್ಟಿತ್ತು. "ನಮ್ಮ ಮುತ್ತಜ್ಜನೂ ಹೋಗಿದ್ದನಂತ, ಮೊಬೈಲ್ ಇಲ್ಲದ ಕಾಲದಾಗ ಹ್ಯಾಂಗ್ ಹೋದನೋ ಏನೋ" ಅಂದ. ಇವತ್ತಿನ ಎಪಿಸೋಡ್ ಅದರ ಮೇಲೇ.

ಮುಂಬೈ ಕಡೆಯಿಂದ ಬಂದ ರೈಲು 1871ರಲ್ಲಿ ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯ್ತು. ಚಿತ್ತಾಪುರ, ಸೇಡಂ ಈ ಹಳಿಯ ಮೇಲಿನ ಊರುಗಳು. ಇಲ್ಲಿಂದ ಹೊರಟವರು ವಾಡಿಯಲ್ಲಿ ಗಾಡಿ ಬದಲಿಸಿ, ಶಹಾಬಾದ್ ದಾಟಿ ಮುಂಬೈಗೆ ಹೋಗಬೇಕು. ಚಿಂಚೋಳಿಯವರ ಕಷ್ಟ ಬೇರೆ. ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಆಗ ಎತ್ತಿನ ಗಾಡಿ ಕಟ್ಟಿ ತಾಂಡೂರಿನಂಥ ಸ್ಟೇಷನ್‌ವರೆಗೆ ಬರೋದೇ ಒಂದು ಪ್ರಯಾಣ.

ಮುಂಬೈ ಮುಟ್ಟಿದರೆ ಅರ್ಧ ಗೆದ್ದಂಗೆ ಅನ್ಕೋಬೇಡಿ. ಹಡಗು ಹೊರಡುವ ದಿನ ಅಂತ ಹೇಳ್ತಿದ್ದರು, ಆದರೆ ಜನ ತುಂಬುವವರೆಗೆ ಅದು ಕದಲುತ್ತಿರಲಿಲ್ಲ. ಅಷ್ಟು ದಿನ ಮುಸಾಫಿರಖಾನೆಯಲ್ಲಿ ಕಾಯಬೇಕು, ಕಟ್ಟಿಕೊಂಡು ಬಂದ ದುಡ್ಡು ಅಲ್ಲೇ ಕರಗ್ತಿತ್ತು. ದಲಾಲರ ಕಾಟ ಬೇರೆ. ಇದನ್ನ ಸರಿಮಾಡಲು 1886ರಲ್ಲಿ ಬ್ರಿಟಿಷ್ ಸರ್ಕಾರ ಯಾರಿಗೆ ಕೆಲಸ ಕೊಟ್ಟಿತು ಗೊತ್ತಾ? ಥಾಮಸ್ ಕುಕ್ ಕಂಪನಿಗೆ! ಇವತ್ತು ಸ್ವಿಟ್ಜರ್ಲೆಂಡ್ ಪ್ಯಾಕೇಜ್ ಮಾರುವ ಅದೇ ಹೆಸರು. ಲಾಭ ಆಗಲಿಲ್ಲ, ಕೆಲವೇ ವರ್ಷಗಳಲ್ಲಿ ಕೈಬಿಟ್ಟರು.

ಕೆಂಪು ಸಮುದ್ರದಲ್ಲಿ ಕಮರಾನ್ ಅನ್ನೋ ದ್ವೀಪ. ಕಾಲರಾ ಭಯಕ್ಕೆ 1882ರಿಂದ ಯಾತ್ರಿಕರನ್ನ ಅಲ್ಲಿ ಇಳಿಸಿ ದಿನಗಟ್ಟಲೆ ಕ್ವಾರಂಟೈನ್ ಮಾಡ್ತಿದ್ದರು. ಕೊರೊನಾ ನೋಡಿದ ನಮಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಜಿದ್ದಾದಿಂದ ಮೆಕ್ಕಾಕ್ಕೆ ಒಂಟೆ ಮೇಲೆ. ದಾರಿಯಲ್ಲಿ ಲೂಟಿಯ ಹೆದರಿಕೆ. ದುಡ್ಡು ಮುಗಿದು ಜಿದ್ದಾದಲ್ಲೇ ಸಿಕ್ಕಿಬಿದ್ದವರು, ವಾಪಸ್ ಬರದೇ ಹೋದವರು ಎಷ್ಟೋ ಮಂದಿ. ಹೀಗಾಗಿಯೇ 1920ರ ದಶಕದಲ್ಲಿ ರಿಟರ್ನ್ ಟಿಕೆಟ್ ಅಥವಾ ಅದರ ಠೇವಣಿ ಕಡ್ಡಾಯ ಮಾಡಿದರು.

ಮೆಕ್ಕಾ ಮುಟ್ಟಿದ ಮೇಲೆ ಮಾತ್ರ ನಮ್ಮ ಕಡೆಯವರಿಗೊಂದು ಅನುಕೂಲ ಇತ್ತು. ಹೈದರಾಬಾದ್ ಸಂಸ್ಥಾನದ ಯಾತ್ರಿಕರಿಗಾಗಿಯೇ ನಿಜಾಮರ ಕಾಲದಲ್ಲಿ ಅಲ್ಲಿ ರುಬಾತ್, ಅಂದರೆ ಬಾಡಿಗೆ ಇಲ್ಲದ ಛತ್ರಗಳು ಆದವು. ಸೇಡಂ, ಚಿತ್ತಾಪುರ, ಚಿಂಚೋಳಿ ಆಗ ಅದೇ ಸಂಸ್ಥಾನದ ತಾಲೂಕುಗಳು. 1948ರಲ್ಲಿ ಸಂಸ್ಥಾನ ಹೋಯ್ತು, 1956ರಲ್ಲಿ ನಾವು ಈ ಕಡೆ ಬಂದೆವು, ಮುಂಬೈ ಹಜ್ ಹಡಗು 1995ರಲ್ಲಿ ನಿಂತಿತು. ಹರಂ ವಿಸ್ತರಣೆಯಲ್ಲಿ ಹಳೇ ರುಬಾತ್ ಕಟ್ಟಡಗಳೂ ಹೋದವು. ಆದರೆ ರುಬಾತ್ ವ್ಯವಸ್ಥೆ ಉಳಿದಿದೆ. ಹಳೇ ಸಂಸ್ಥಾನದ ಜಿಲ್ಲೆಗಳ ಯಾತ್ರಿಕರ ಹೆಸರು ಚೀಟಿ ಎತ್ತಿ ಆರಿಸ್ತಾರೆ.

ಇದನ್ನೆಲ್ಲ ಹೇಳಿದಾಗ ಗೆಳೆಯ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, "ಆ ಚೀಟಿಯೊಳಗ ನಮ್ಮ ಕಲಬುರಗಿ ಜಿಲ್ಲಾನೂ ಬರ್ತದೇನು?" ಅಂದ.

"ಬರ್ತದಪ್ಪಾ" ಅಂದೆ.