ಹಿತ್ತಿಲ ಬಾಗಿಲಿನ ಚರಿತ್ರೆ

ನಿವೃತ್ತಿಯ ನಂತರ ಏನು ಓದುತ್ತಿದ್ದೀರಿ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಚರಿತ್ರೆಯ ಮೇಷ್ಟರಿಂದ ದಪ್ಪ ದಪ್ಪ ಗ್ರಂಥಗಳ ಹೆಸರನ್ನು ಅವರು ನಿರೀಕ್ಷಿಸುತ್ತಾರೆ. ನಿಜ ಹೇಳಿಬಿಡುತ್ತೇನೆ, ಕೊಲೆಯ ಕಥೆಗಳನ್ನು ಓದುತ್ತಿದ್ದೇನೆ. ಪಠ್ಯಪುಸ್ತಕದೊಳಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯನ್ನಿಟ್ಟು ಓದುತ್ತಿದ್ದು ನನ್ನ ಕೈಗೆ ಸಿಕ್ಕಿಬಿದ್ದವರು ಈ ಸಾಲನ್ನು ಓದಿ ನಗಬಹುದು. ನಗಲಿ, ಅದು ಅವರ ಹಕ್ಕು.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಮ್ಮೆ ನನಗೆ ಆ್ಯನ್ ಪೆರಿ ಎಂಬ ಆಂಗ್ಲ ಲೇಖಕಿಯ ಕಾದಂಬರಿಯೊಂದು ದೊರೆಯಿತು. ಹೆಸರು 'ದಿ ಕೇಟರ್ ಸ್ಟ್ರೀಟ್ ಹ್ಯಾಂಗ್‌ಮನ್', ಪ್ರಕಟವಾದದ್ದು 1979ರಲ್ಲಿ. ಕಥೆ ನಡೆಯುವುದು 1881ರ ಲಂಡನ್ನಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಥಾಮಸ್ ಪಿಟ್ ಎಂಬ ಪೊಲೀಸ್ ಅಧಿಕಾರಿಯೂ ಷಾರ್ಲೆಟ್ ಎಂಬ ಸಿರಿವಂತರ ಮನೆಯ ಹುಡುಗಿಯೂ ಅಲ್ಲಿ ಮೊದಲು ಭೇಟಿಯಾಗುತ್ತಾರೆ. ಮುಂದೆ ಅವರು ದಂಪತಿಗಳಾಗಿ, ಆ ಮಾಲೆ 32 ಕಾದಂಬರಿಗಳವರೆಗೆ ಬೆಳೆಯಿತು. ಸಿಕ್ಕಿದಷ್ಟನ್ನು ಓದಿದ್ದೇನೆ. ಕೊಲೆಗಾರ ಯಾರೆಂಬುದು ಎಷ್ಟೋ ಪುಸ್ತಕಗಳಲ್ಲಿ ಮರೆತೇ ಹೋಗಿದೆ. ಆ ಮನೆಗಳು ಮಾತ್ರ ಮರೆತಿಲ್ಲ.

ಷಾರ್ಲೆಟ್‌ಳ ತಂದೆ ತನ್ನ ಹೆಣ್ಣುಮಕ್ಕಳಿಗೆ ವೃತ್ತಪತ್ರಿಕೆ ಓದಲು ಬಿಡುವುದಿಲ್ಲ. ಅವಳು ಕದ್ದು ಓದಬೇಕು. ಪೊಲೀಸಿನವನು ಮನೆಗೆ ಬಂದರೆ ಹಾಲಿನವನಂತೆ, ಇದ್ದಿಲಿನವನಂತೆ ಹಿತ್ತಿಲ ಬಾಗಿಲಿನಿಂದ ಬರಬೇಕೆಂಬುದು ಆ ಮನೆಗಳ ನಿಯಮ. ಪಿಟ್ ಹಾಗೆ ಮಾಡದೆ ಮುಂಬಾಗಿಲಿಗೇ ಬಂದು ನಿಲ್ಲುತ್ತಾನೆ. ಅವನು ಎಸ್ಟೇಟೊಂದರ ಬೇಟೆಕಾಡಿನ ಕಾವಲುಗಾರನ ಮಗ. ತಂದೆ ತಾನು ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿದವನು. ಆದ್ದರಿಂದ ಮನೆಯಲ್ಲಿ ಏನಾದರೂ ಕಳೆದುಹೋದರೆ ಎಲ್ಲರ ಕಣ್ಣು ಮೊದಲು ಎತ್ತ ಹೊರಳುತ್ತದೆಯೆಂಬುದನ್ನು ಪಿಟ್‌ಗೆ ಯಾರೂ ಕಲಿಸಬೇಕಾಗಿಲ್ಲ. ಅದು ಹೊರಳುವುದು ಅಡುಗೆಮನೆಯತ್ತ.

ಇದು ಕಾದಂಬರಿಕಾರ್ತಿಯ ಕಲ್ಪನೆ ಮಾತ್ರವಲ್ಲ, ಚರಿತ್ರೆಯೂ ಹೌದು. ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಪಡೆ 1829ರಲ್ಲಿ ಹುಟ್ಟಿತು. ಅದರಲ್ಲಿ ಪತ್ತೇದಾರಿ ವಿಭಾಗವನ್ನು ಸ್ಥಾಪಿಸಿದ್ದು 1842ರಲ್ಲಿ. ಆರಂಭದಲ್ಲಿ ಇದ್ದವರು ಎಂಟೇ ಮಂದಿ. ಅವರಲ್ಲೊಬ್ಬ ಜೋನಾಥನ್ ವಿಚರ್, ತೋಟದ ಮಾಲಿಯೊಬ್ಬನ ಮಗ.

1860ರ ಜೂನ್ ಕೊನೆಯಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡಮನೆಯೊಂದರಲ್ಲಿ ಮೂರು ವರ್ಷದ ಮಗುವಿನ ಕೊಲೆಯಾಯಿತು. ಶವ ದೊರೆತದ್ದು ಮನೆಯ ಆಳುಗಳು ಬಳಸುತ್ತಿದ್ದ ಶೌಚಗೃಹದಲ್ಲಿ. ಸ್ಥಳೀಯ ಪೊಲೀಸರು ಮೊದಲು ಬಂಧಿಸಿದ್ದು ಮಗುವನ್ನು ನೋಡಿಕೊಳ್ಳುತ್ತಿದ್ದ ದಾದಿಯನ್ನು. ಆಮೇಲೆ ಲಂಡನ್ನಿನಿಂದ ಬಂದ ವಿಚರ್, ಅಗಸರ ಪಟ್ಟಿಗೆ ಹೊಂದದ ಒಂದು ರಾತ್ರಿಯುಡುಪಿನ ಜಾಡು ಹಿಡಿದು, ಆ ಮನೆಯ ಮಗಳೇ ಆದ ಹದಿನಾರರ ಕಾನ್ಸ್‌ಟನ್ಸ್ ಕೆಂಟ್‌ಳನ್ನು ಬಂಧಿಸಿದ. ದೇಶ ಕೆರಳಿತು. ಮಾಲಿಯ ಮಗನೊಬ್ಬ ಕುಲೀನ ಕನ್ಯೆಯ ಬಟ್ಟೆಗಳನ್ನು ಕೆದಕುವುದೇ? ಸಾಕ್ಷ್ಯ ಸಾಲದೆ ಅವಳ ಬಿಡುಗಡೆಯಾಯಿತು. ಪತ್ರಿಕೆಗಳು ವಿಚರ್‌ನನ್ನು ಹೀಯಾಳಿಸಿದವು. 1864ರಲ್ಲಿ ಅವನು ಅನಾರೋಗ್ಯದಿಂದ ನಿವೃತ್ತನಾದ. ಮರುವರ್ಷ ಕಾನ್ಸ್‌ಟನ್ಸ್ ತಾನೇ ಬಂದು ತಪ್ಪೊಪ್ಪಿಕೊಂಡಳು.

ಈ ಪ್ರಕರಣದ ನೆರಳು 1868ರಲ್ಲಿ ಪ್ರಕಟವಾದ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಕಾದಂಬರಿಯ ಮೇಲೆ ಬಿದ್ದಿದೆ. ಅಲ್ಲಿಯೂ ಕಲೆಯಾದ ರಾತ್ರಿಯುಡುಪೊಂದಿದೆ. ಕಳುವಾಗುವುದು ಒಂದು ವಜ್ರ. ಅದು ಆ ಮನೆಯನ್ನು ಸೇರಿದ್ದು ಎಲ್ಲಿಂದ ಗೊತ್ತೆ? ನಮ್ಮ ಶ್ರೀರಂಗಪಟ್ಟಣದಿಂದ! 1799ರ ಮೇ 4ರಂದು ಕೋಟೆ ಬಿದ್ದಾಗ ಟಿಪ್ಪುವಿನ ಭಂಡಾರದಿಂದ ಇಂಗ್ಲಿಷ್ ಅಧಿಕಾರಿಯೊಬ್ಬ ದೋಚಿದ ವಜ್ರವದು ಎಂಬುದು ಕಥೆ. ಶಾಲೆಯ ಪ್ರವಾಸದಲ್ಲಿ ಆ ಕೋಟೆಗೋಡೆಯ ಬಳಿ ನಿಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸಿ ಪಾಠ ಹೇಳಿದಾಗ ಈ ಕಾದಂಬರಿಯ ಸುದ್ದಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಮ್ಮಲ್ಲಿ ಕೆಲವರಾದರೂ ಆಕಳಿಸುತ್ತಿರಲಿಲ್ಲ. ವಜ್ರ ಮೂಲತಃ ಕೊಳ್ಳೆಯ ಮಾಲು. ಆದರೂ ಅದು ಕಾಣೆಯಾದಾಗ ಮನೆಯವರ ಸಂಶಯ ತಾಗುವುದು ಹಿಂದೆ ಕಳ್ಳತನದಲ್ಲಿ ಸಿಕ್ಕಿಬಿದ್ದಿದ್ದ ಬಡ ಸೇವಕಿಯನ್ನು. ಕೊಳ್ಳೆ ಹೊಡೆದ ಅಧಿಕಾರಿ ಮಾತ್ರ ಕಾನೂನಿನ ಯಾವ ಶಿಕ್ಷೆಯೂ ಇಲ್ಲದೆಯೇ ಸತ್ತಿರುತ್ತಾನೆ.

ಆ ಕಾಲದ ಇಂಗ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಗೆಲಸದಲ್ಲಿದ್ದರು. ಒಂದು ಮನೆ ಬಿಟ್ಟು ಇನ್ನೊಂದು ಸೇರಬೇಕಾದರೆ ಹಳೆಯ ಯಜಮಾನಿಯಿಂದ ನಡತೆಯ ಪತ್ರ ಬೇಕಿತ್ತು. ಅದಕ್ಕೆ ಅವರು 'ಕ್ಯಾರೆಕ್ಟರ್' ಎಂದೇ ಹೇಳುತ್ತಿದ್ದರು. ಅದಿಲ್ಲದೆ ಹೊರಬಿದ್ದವಳಿಗೆ ಮರ್ಯಾದಸ್ಥರ ಮನೆಯ ಬಾಗಿಲುಗಳೆಲ್ಲ ಮುಚ್ಚಿದಂತೆಯೇ. ಒಬ್ಬರ ಸಂಶಯ, ಒಂದು ಹಾಳೆ, ಇನ್ನೊಬ್ಬರ ಇಡೀ ಬದುಕು! ಪೆರಿಯ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಈ ಭಯವನ್ನು ಓದುತ್ತಿದ್ದಾಗಲೇ ನಾನು ಒಂದು ಸಂಜೆ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ.

ನಾನೂ ಅಂಥ ಪತ್ರ ಬರೆದಿದ್ದೇನೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಮ್ಮೆ ಪರೀಕ್ಷಾ ಶುಲ್ಕದ 140 ರೂಪಾಯಿ ಕಾಣೆಯಾಯಿತು. ಹಣ ಸಂಗ್ರಹಿಸಿದವನು ನಾನು. ಅಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಗೆ ಬಂದಿದ್ದ ಮಕ್ಕಳು ನಾಲ್ವರು. ನಾನು ಪ್ರಶ್ನಿಸಿದ್ದು ಒಬ್ಬನನ್ನು ಮಾತ್ರ. ಅವನ ತಾಯಿ ಊರಿನ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹುಡುಗ ಅಳಲಿಲ್ಲ, ವಾದಿಸಲಿಲ್ಲ, "ಇಲ್ಲ ಸಾರ್" ಎಂದಷ್ಟೇ ಹೇಳಿ ನೆಲ ನೋಡುತ್ತ ನಿಂತ. ಅದನ್ನೇ ನಾನು ಒಪ್ಪಿಗೆಯೆಂದು ಬಗೆದೆ. ತಿಂಗಳೊಳಗೆ ಅವನು ಶಾಲೆ ಬಿಟ್ಟ. ವರ್ಗಾವಣೆ ಪತ್ರದ ನಡತೆಯ ಅಂಕಣದಲ್ಲಿ ಎಲ್ಲರಿಗೂ ಬರೆಯುತ್ತಿದ್ದ 'ಉತ್ತಮ' ಎಂಬ ಪದವನ್ನು ಅವನಿಗೆ ಬರೆಯದೆ 'ತೃಪ್ತಿಕರ' ಎಂದು ಬರೆದೆ. ವರ್ಷದ ಕೊನೆಯಲ್ಲಿ ಹಾಜರಿ ಪುಸ್ತಕದ ಕಂದು ಕಾಗದದ ಹೊದಿಕೆಯನ್ನು ಬಿಚ್ಚಿದಾಗ ರಟ್ಟಿಗೂ ಹೊದಿಕೆಗೂ ನಡುವೆ ಆ ಲಕೋಟೆ ಇತ್ತು. ನಾನೇ ಇಟ್ಟದ್ದು. ಅಷ್ಟು ಹೊತ್ತಿಗೆ ಆ ಕುಟುಂಬ ಊರು ಬಿಟ್ಟಾಗಿತ್ತು. ಎಲ್ಲಿಗೆ ಹೋದರೆಂದು ವಿಚಾರಿಸಿದೆ, ಆದರೆ ವಿಚಾರಿಸಬೇಕಾದಷ್ಟು ವಿಚಾರಿಸಲಿಲ್ಲ.

ಈ ಲೇಖಕಿಯ ಬದುಕಿನ ಒಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಆ್ಯನ್ ಪೆರಿ ಎಂಬುದು ಹುಟ್ಟುಹೆಸರಲ್ಲ. ಜೂಲಿಯೆಟ್ ಹ್ಯೂಮ್ ಎಂಬ ಹೆಸರಿನಲ್ಲಿ, 1954ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಗೆಳತಿಯೊಡನೆ ಸೇರಿ ಆ ಗೆಳತಿಯ ತಾಯಿಯನ್ನೇ ಕೊಂದವರು ಅವರು. ಮರಣದಂಡನೆಗೆ ವಯಸ್ಸು ಸಾಲದೆ ಸುಮಾರು ಐದು ವರ್ಷ ಸೆರೆಯಲ್ಲಿದ್ದು, ಹೊರಬಂದು ಹೊಸ ಹೆಸರಿನಿಂದ ಬದುಕಿದರು. ಲೋಕಕ್ಕೆ ಇದು ತಿಳಿದದ್ದು 1994ರಲ್ಲಿ, ಆ ಪ್ರಕರಣವನ್ನು ಕುರಿತ ಚಲನಚಿತ್ರ ಬಂದಾಗ. ಅವರು ತೀರಿಕೊಂಡದ್ದು 2023ರಲ್ಲಿ.

ತಿಳಿದ ಮೇಲೆ ಪುಸ್ತಕಗಳನ್ನು ಎತ್ತಿಡಲೇ ಎಂದು ಯೋಚಿಸಿದೆ. ಸತ್ತ ಆ ತಾಯಿಗೆ ಎರಡನೆಯ ಬದುಕು ಸಿಗಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಆದರೂ ಜೀವಮಾನವೆಲ್ಲ ಹದಿನೈದರ ಮಕ್ಕಳ ನಡುವೆಯೇ ಕಳೆದ ನಾನು, ಆ ವಯಸ್ಸಿನಲ್ಲಿಯೇ ಮನುಷ್ಯನ ಲೆಕ್ಕ ಮುಗಿಯಿತೆಂದು ಹೇಳಲಾರೆ. ತಪ್ಪು ಮಾಡಿದ ಒಬ್ಬ ಹುಡುಗಿಗೆ ಕಾನೂನು ಇನ್ನೊಂದು ಹಾಳೆಯನ್ನು ಕೊಟ್ಟಿತು. ತಪ್ಪೇ ಮಾಡದ ನನ್ನ ವಿದ್ಯಾರ್ಥಿಗೆ ನಾನು ಅಷ್ಟನ್ನೂ ಕೊಡಲಿಲ್ಲ. ಇವೆರಡನ್ನೂ ಒಟ್ಟಿಗೆ ನೆನೆದಾಗ ನನಗೆ ತಲೆಯೆತ್ತಲಾಗುವುದಿಲ್ಲ.

ನಿಮ್ಮಲ್ಲಿ ಹಲವರು ಇಂದು ಅಧ್ಯಾಪಕರಾಗಿದ್ದೀರಿ, ಅಧಿಕಾರಿಗಳಾಗಿದ್ದೀರಿ, ಮನೆಗೆಲಸಕ್ಕೆ ಜನರನ್ನು ಇಟ್ಟುಕೊಂಡಿದ್ದೀರಿ. ಮನೆಯಲ್ಲಿ ಏನಾದರೂ ಕಾಣದಾದರೆ ದಯವಿಟ್ಟು ಮೊದಲು ನಿಮ್ಮ ಹಾಜರಿ ಪುಸ್ತಕದ ಹೊದಿಕೆಯನ್ನು ಬಿಚ್ಚಿ ನೋಡಿ. ಆ ಹುಡುಗನೇ ಈ ಪುಟವನ್ನು ಓದುವಂತಾದರೆ, ಈಗ ಅವನಿಗೂ ತಲೆ ನರೆತಿರಬಹುದು, ಅವನಿಗೆ ನನ್ನ ಮಾತು ಇಷ್ಟೇ: ಅಪ್ಪಾ, ನಿನ್ನ ನಡತೆ ಉತ್ತಮವಾಗಿತ್ತು. ತೃಪ್ತಿಕರವಲ್ಲದಿದ್ದದ್ದು ನನ್ನದು.